ಪುಟ್ಟ ಆನೆಯ ಬೆನ್ನ ಮೇಲೊಂದು ಮನೆ

ಅರವತ್ತು ದಾಟಿದವರು ನೆಂಟರ ಮನೆಗೆ ಹೋಗುವುದನ್ನು ಯಾಕೆ ಕಡಿಮೆ ಮಾಡುತ್ತಾರೆ? ಕೇಳಿ ನೋಡಿ, ‘ಮಂಡಿನೋವು’ ಎನ್ನುತ್ತಾರೆ. ‘ಮನೆ ಬಿಟ್ಟು ಬರೋಕಾಗಲ್ಲ’ ಎನ್ನುತ್ತಾರೆ. ‘ಹಸು ಕರು ಯಾರು ನೋಡ್ಕೋತಾರೆ’ ಎನ್ನುತ್ತಾರೆ. ಒಂದು ಕಾರಣವನ್ನು ಮಾತ್ರ ಹೇಳುವುದಿಲ್ಲ. ರಾತ್ರಿ ಮೂರು ಸಲ ಏಳಬೇಕಾಗುತ್ತದೆ. ಬೇರೆಯವರ ಮನೆಯಲ್ಲಿ ಮಲಗಿದವರನ್ನು ದಾಟಿಕೊಂಡು, ಗೋಡೆ ಹಿಡಿದುಕೊಂಡು, ಕತ್ತಲಲ್ಲಿ ಹಿತ್ತಿಲಿಗೆ ಹೋಗಬೇಕು. ಅಲ್ಲಿ ಕುಕ್ಕರುಗಾಲಲ್ಲಿ ಕೂತರೆ ಏಳಿಸಲು ಇನ್ನೊಬ್ಬರು ಬೇಕು. ಇದನ್ನು ಯಾರ ಹತ್ತಿರ ಹೇಳುವುದು? ಅದಕ್ಕೇ ‘ಹಸು ಕರು’ ಎಂದುಬಿಡುತ್ತೇವೆ.

ನಮ್ಮ ಮನೆಯಲ್ಲಿ ಹಸುವೂ ಇಲ್ಲ, ಕರುವೂ ಇಲ್ಲ. ಆದರೂ ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಉಳಿದು ಆರು ವರ್ಷ ಆಗಿತ್ತು. ನನಗೆ 65, ಅಕ್ಕನಿಗೆ 76. ನನ್ನ ಮಂಡಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದೇ ಒಂದು ಗುಡ್ಡ ಹತ್ತಿದ ಹಾಗೆ. ಅಕ್ಕ ಹೊಸಿಲು ದಾಟುವುದೂ ಅಪರೂಪ. ನಾನು ಮದುವೆಯಾಗಿ ಚನ್ನಗಿರಿಗೆ ಬಂದಾಗ ಇದು ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ ಎರಡೂ ಊರು ಅದರೊಳಗೆ ಸೇರಿದವು. ಜಿಲ್ಲೆ ಒಂದಾಯಿತು, ಅಕ್ಕ ತಂಗಿ ಮಾತ್ರ ಫೋನಿನಲ್ಲೇ ಉಳಿದೆವು.

ಹೀಗಿರುವಾಗ ನಮ್ಮ ಹಿತ್ತಿಲ ಶೆಡ್ಡಿನಲ್ಲಿ ಒಂದು ಆನೆ ಸುಮ್ಮನೆ ನಿಂತಿತ್ತು.

ಅದು ನಮ್ಮ ಮನೆಯವರ ಟಾಟಾ ಏಸ್ ಗಾಡಿ. ‘ಛೋಟಾ ಹಾಥಿ’ ಎಂದರೆ ಇಡೀ ದೇಶಕ್ಕೇ ಗೊತ್ತು. 2005ರಲ್ಲಿ ಈ ಗಾಡಿ ಮಾರುಕಟ್ಟೆಗೆ ಬಂದಾಗ ನಾಲ್ಕು ಚಕ್ರದ ಇಷ್ಟು ಸಣ್ಣ ಸರಕು ಗಾಡಿ ನಮ್ಮ ಕಡೆ ಯಾರೂ ನೋಡಿರಲಿಲ್ಲ. ಮಕ್ಕಳಿಗೆ ಇದರ ಎಂಜಿನ್ನಿನ ಕತೆ ಹೇಳಲೇಬೇಕು. ಇಂಡಿಕಾ ಕಾರಿನ ಡೀಸೆಲ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್, 1,405 ಸಿ.ಸಿ. ಅದನ್ನೇ ಅರ್ಧ ಮಾಡಿದ ಹಾಗೆ ಎರಡು ಸಿಲಿಂಡರಿನ, 702 ಸಿ.ಸಿ.ಯ ಎಂಜಿನ್ ಮಾಡಿ ಈ ಗಾಡಿಗೆ ಕೂರಿಸಿದರು. ಶಕ್ತಿ ಬರೀ 16 ಕುದುರೆಯದು, ಹೊರುವುದು 750 ಕಿಲೋ. ನಮ್ಮ ಮನೆಯವರು ಹದಿನೈದು ವರ್ಷ ಇದರಲ್ಲಿ ಅಡಿಕೆ ಹೊತ್ತರು. ತೋಟದಿಂದ ಹಸಿ ಗೊನೆ, ಬೇಯಿಸಿ ಒಣಗಿಸಿದ ಮೇಲೆ ಮಂಡಿಗೆ ಮೂಟೆ. ಆಮೇಲೆ ಮಗ ದೊಡ್ಡ ಗಾಡಿ ಕೊಂಡ. ‘ಇದನ್ನ ಕೊಟ್ಟುಬಿಡೋಣ’ ಎಂದು ಗಿರಾಕಿಯನ್ನೂ ಕರೆತಂದ.

ಎಂಟನೇ ತರಗತಿಯ ನನ್ನ ಮೊಮ್ಮಗಳು ಗಿರಾಕಿಯ ಮುಂದೆಯೇ ಕೇಳಿದಳು, “ಅಜ್ಜಿ, ಇದರಾಗೇ ಮಲಗಂಗೆ ಮಾಡಿದ್ರೆ ನೀವು ದೊಡ್ಡಜ್ಜಿ ಊರಿಗೆ ಹೋಗಬಹುದಲ್ವಾ?”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ತಮಿಳುನಾಡಿನ ನಾಮಕ್ಕಲ್‌ನ ಅರುಣ್ ಪ್ರಭು ಎಂಬ ಯುವಕ ಆಟೋರಿಕ್ಷಾದ ಮೇಲೆ ಮನೆ ಕಟ್ಟಿದ ವಿಷಯ ಅವಳು ಓದಿದ್ದಳು. ಅದು ಬರೀ 36 ಚದರಡಿ. ಅಷ್ಟರಲ್ಲೇ ಮಲಗುವ ಜಾಗ, ಅಡುಗೆ ಜಾಗ, ಬಚ್ಚಲು ಎಲ್ಲ ಇದ್ದವು. ಖರ್ಚು ಸುಮಾರು ಒಂದು ಲಕ್ಷ ರೂಪಾಯಿ. ಜಪಾನಿನಲ್ಲಿ ‘ಕೇ’ ಎಂಬ ವರ್ಗದ ಸಣ್ಣ ಗಾಡಿಗಳಿವೆ. ಅವುಗಳ ಎಂಜಿನ್ 660 ಸಿ.ಸಿ. ಮೀರುವಂತಿಲ್ಲ, ಉದ್ದ 3.4 ಮೀಟರ್, ಅಗಲ 1.48 ಮೀಟರ್ ದಾಟುವಂತಿಲ್ಲ. ಅಲ್ಲಿನ ಜನ ಅಷ್ಟು ಸಣ್ಣ ಗಾಡಿಯ ಬೆನ್ನಿಗೂ ಗೂಡು ಕಟ್ಟಿಕೊಂಡು ಊರೂರು ತಿರುಗುತ್ತಾರೆ. ನಮ್ಮ ಗಾಡಿ ಅದಕ್ಕಿಂತ ಒಂದಿಷ್ಟು ಉದ್ದವೇ ಇದೆ. ಇದನ್ನೆಲ್ಲ ಮೊಮ್ಮಗಳು ಒಪ್ಪಿಸಿದಾಗ ನಮ್ಮ ಮನೆಯವರು ಮೀಸೆಯಲ್ಲೇ ನಕ್ಕು, “ಇದೇನ್ ಹೊಸದಲ್ಲ ಕಣವ್ವಾ. ನಮ್ಮಪ್ಪನ ಕಮಾನು ಬಂಡಿಗೆ ಎಂಜಿನ್ ಇರಲಿಲ್ಲ, ಅಷ್ಟೇ” ಎಂದರು. ಗಿರಾಕಿ ಚಹಾ ಕುಡಿದು ಹೊರಟ.

ಕಮಾನು ಬಂಡಿ ಎಂದರೆ ಇಂದಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಎತ್ತಿನ ಗಾಡಿಯ ಮೇಲೆ ಬಿದಿರನ್ನು ಬಿಲ್ಲಿನ ಹಾಗೆ ಬಾಗಿಸಿ ಕಟ್ಟಿ, ಮೇಲೆ ಚಾಪೆ ಹೊದಿಸುತ್ತಿದ್ದರು. ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನ. ಜಾತ್ರೆಗೆ ಹೋದರೆ ಮೂರು ದಿನ ಅದೇ ಮನೆ. ಬಂಡಿಯ ಪಕ್ಕದಲ್ಲಿ ಮೂರು ಕಲ್ಲು ಇಟ್ಟರೆ ಒಲೆ, ಬಂಡಿಯ ಕೆಳಗೆ ಮಲಗಿದರೆ ಗಂಡಸರ ಕೋಣೆ. ನಮಗೆ ಬೇಕಾದದ್ದು ಇದೇ ಎಂದು ತೀರ್ಮಾನವಾಯಿತು.

ಮೊದಲು ಕಾನೂನು. ಬಹಳ ಜನ ಇದನ್ನು ಕೊನೆಗೆ ಯೋಚಿಸುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿಯಾದ ಗಾಡಿಯ ಮೂಲ ರೂಪವನ್ನು ನಮಗೆ ಬೇಕಾದ ಹಾಗೆ ಬದಲಿಸುವಂತಿಲ್ಲ. ಸರಕಿನ ಗಾಡಿಯನ್ನು ಕಾಯಂ ಆಗಿ ಮನೆ ಮಾಡುವುದಾದರೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ನಾವು ಗಾಡಿಗೆ ಒಂದು ತೂತನ್ನೂ ಕೊರೆಯಲಿಲ್ಲ, ಒಂದು ಬೆಸುಗೆಯನ್ನೂ ಹಾಕಿಸಲಿಲ್ಲ. ಮಂಚ, ಕಮಾನು, ಹೊದಿಕೆ ಎಲ್ಲವೂ ಹಗ್ಗ ಬಿಚ್ಚಿದರೆ ಅರ್ಧ ಗಂಟೆಯಲ್ಲಿ ಕೆಳಗಿಳಿಯುವ ಹಾಗೆ ಮಾಡಿದೆವು. ಗಾಡಿ ಓಡುವಾಗ ಅವು ಮಡಚಿ ಕಟ್ಟಿದ ಸಾಮಾನು. ಗಾಡಿ ನಿಂತ ಮೇಲೆ ಮನೆ. ಓಡುವ ಗಾಡಿಯ ಹಿಂಭಾಗದಲ್ಲಿ ಯಾರೂ ಕೂರಬಾರದು ಎಂಬುದು ಇನ್ನೊಂದು ನಿಯಮ. ಅಡ್ಡ ಬಿದ್ದರೆ ಹಿಡಿದುಕೊಳ್ಳಲು ಅಲ್ಲಿ ಸೀಟೂ ಇಲ್ಲ, ಬೆಲ್ಟೂ ಇಲ್ಲ.

ಅಳತೆಯ ಕೆಲಸ ಮೊಮ್ಮಗಳದು. ಸಾಮಾನು ಹೇರುವ ಜಾಗ ಏಳು ಅಡಿ ಉದ್ದ, ನಾಲ್ಕೂಮುಕ್ಕಾಲು ಅಡಿ ಅಗಲ. ಗುಣಿಸಿದರೆ 33 ಚದರಡಿಗೆ ಸ್ವಲ್ಪ ಹೆಚ್ಚು. ಆಟೋದ ಮನೆಗಿಂತಲೂ ಮೂರು ಚದರಡಿ ಚಿಕ್ಕದು. ನಮ್ಮ ಮನೆಯವರು ಐದು ಅಡಿ ಎಂಟು ಅಂಗುಲ ಇದ್ದಾರೆ, ಉದ್ದಕ್ಕೆ ಮಲಗಿದರೆ ಕಾಲ ಬಳಿ ಇನ್ನೂ ಒಂದು ಅಡಿಗಿಂತ ಹೆಚ್ಚು ಜಾಗ ಉಳಿಯುತ್ತದೆ. ಅದು ಚೀಲಗಳಿಗೆ.

ಮಂಚಕ್ಕೆ ಅಡಿಕೆ ದಬ್ಬೆ. ಚನ್ನಗಿರಿಯಲ್ಲಿ ಅದಕ್ಕೆ ಬರವಿಲ್ಲ. ಬಿದ್ದ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆತ್ತನೆಯ ತಿರುಳು ತೆಗೆದು, ನುಣ್ಣಗೆ ಮಾಡಿದರೆ ದಬ್ಬೆ ಕಬ್ಬಿಣದ ಪಟ್ಟಿಯ ಹಾಗೆ ಗಟ್ಟಿ, ಆದರೆ ಸ್ವಲ್ಪ ಬಾಗುತ್ತದೆ. ದಬ್ಬೆ ದಬ್ಬೆಗೂ ಒಂದು ಬೆರಳು ಸಂದು ಬಿಟ್ಟೆವು, ಕೆಳಗಿನಿಂದ ಗಾಳಿ ಆಡಲಿ ಎಂದು. ಮಂಚದ ಎತ್ತರ ಒಂದು ಅಡಿ, ಅದರ ಕೆಳಗೇ ಉಗ್ರಾಣ. ಕಮಾನಿಗೆ ಮೇದಾರರಿಂದ ಹಸಿ ಬಿದಿರು ಸೀಳಿಸಿ ಐದು ಬಿಲ್ಲು ಮಾಡಿಸಿದೆವು. ಬೆಂಕಿಯ ಶಾಖ ತೋರಿಸುತ್ತ ನಿಧಾನವಾಗಿ ಬಾಗಿಸಬೇಕು, ಅವಸರ ಮಾಡಿದರೆ ಸಿಬಿರು ಏಳುತ್ತದೆ. ಅದರ ಮೇಲೆ ಅಡಿಕೆ ತುಂಬುವ ಗೋಣಿಚೀಲಗಳನ್ನು ಬಿಚ್ಚಿ ಹೊಲಿದ ಪದರ, ಎಲ್ಲದರ ಮೇಲೆ ಬಿಳಿ ತಾಡಪಾಲು. ಬಿಳಿಯೇ ಯಾಕೆ ಎಂದು ಮೊಮ್ಮಗಳು ಕೇಳಲಿಲ್ಲ, ನನಗೇ ಹೇಳಿಕೊಟ್ಟಳು: ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ, ಕಪ್ಪು ಕುಡಿಯುತ್ತದೆ. ಗೋಣಿ ಮತ್ತು ತಾಡಪಾಲಿನ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಒಳಗೆ ಬಿಡುವುದಿಲ್ಲ. ಹಿಂದೆ ಮುಂದೆ ಸೊಳ್ಳೆಪರದೆಯ ಬಟ್ಟೆ.

ಆಮೇಲೆ ತೂಕ. ಅಡಿಕೆ ತೂಗುವ ಕಾಟಾದಲ್ಲಿ ಒಂದೊಂದನ್ನೇ ಇಟ್ಟು ಅವಳು ಪುಸ್ತಕದಲ್ಲಿ ಬರೆದಳು. ಮಂಚ 45 ಕಿಲೋ. ಕಮಾನು ಮತ್ತು ಹೊದಿಕೆ 25. ಹಾಸಿಗೆ, ರಗ್ಗು 20. ನೀರಿನ ಎರಡು ಕ್ಯಾನು 40. ಬ್ಯಾಟರಿ 10. ಪಾತ್ರೆ, ಒಲೆ 15. ಕುರ್ಚಿ 8. ಬಟ್ಟೆ, ಅಕ್ಕನಿಗೆ ಒಯ್ಯುವ ಅಕ್ಕಿ ಬೆಲ್ಲ 20. ಒಟ್ಟು 183. ಗಾಡಿ ಹೊರುವ 750ರಲ್ಲಿ ಕಾಲು ಭಾಗವೂ ಅಲ್ಲ. “ಆನೆ ಮೇಲೆ ಅಂಬಾರಿ ಅಲ್ಲ, ಹೂವಿನ ಬುಟ್ಟಿ” ಎಂದರು ನಮ್ಮ ಮನೆಯವರು. ಆದರೂ ಭಾರದ ಸಾಮಾನು ತಳದಲ್ಲಿ, ಹಗುರದ್ದು ಮೇಲೆ ಎಂದು ಹಟ ಹಿಡಿದು ಜೋಡಿಸಿದರು. ಕಿರಿದಾದ ಗಾಡಿಗೆ ಭಾರ ಮೇಲಕ್ಕೆ ಹೋದಷ್ಟೂ ತಿರುವಿನಲ್ಲಿ ವಾಲುವುದು ಹೆಚ್ಚು.

ಬೆಳಕು ಮತ್ತು ಗಾಳಿಯದು ಇನ್ನೊಂದು ಲೆಕ್ಕ. ಗಾಡಿಯ ಬ್ಯಾಟರಿಯಿಂದಲೇ ರಾತ್ರಿಯಿಡೀ ಫ್ಯಾನು ತಿರುಗಿಸಿದರೆ ಬೆಳಿಗ್ಗೆ ಎಂಜಿನ್ ಎದ್ದೇಳುವುದಿಲ್ಲ. ಅದಕ್ಕೆ ಬೇರೆ ಬ್ಯಾಟರಿ, 12 ವೋಲ್ಟ್, 26 ಆಂಪಿಯರ್ ಗಂಟೆ. ಗುಣಿಸಿದರೆ 312 ವಾಟ್ ಗಂಟೆ. ಇಂಥ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸದಿದ್ದರೆ ಬಾಳಿಕೆ ಜಾಸ್ತಿ. ಹಾಗಾಗಿ ನಮಗೆ ಸಿಗುವುದು 156. ಹದಿನೈದು ವಾಟಿನ ಸಣ್ಣ ಫ್ಯಾನು ಎಂಟು ಗಂಟೆಗೆ 120, ಐದು ವಾಟಿನ ಎರಡು ದೀಪ ಒಂದೂವರೆ ಗಂಟೆಗೆ 15. ಒಟ್ಟು 135. ಸಾಕು. ಬೆಳಿಗ್ಗೆ ಯಾರದಾದರೂ ಮನೆಯಲ್ಲಿ ಚಾರ್ಜಿಗೆ ಹಾಕಿದರಾಯಿತು. ಒಲೆ ಮಾತ್ರ ಎಂಥ ಮಳೆ ಬಂದರೂ ಹೊರಗೇ. ಮುಚ್ಚಿದ ಹೊದಿಕೆಯೊಳಗೆ ಒಲೆಯಾಗಲಿ, ಕೆಂಡವಾಗಲಿ, ಸೊಳ್ಳೆಬತ್ತಿಯಾಗಲಿ ಹಚ್ಚಬಾರದು. ಬೆಂಕಿ ಹತ್ತುವ ಭಯ ಒಂದು. ಉಸಿರುಗಟ್ಟಿಸುವ ಅನಿಲ ಇನ್ನೊಂದು, ಅದಕ್ಕೆ ವಾಸನೆಯೂ ಇರುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಎಂಟು ಕಿಲೋದ ಆ ಕುರ್ಚಿ. ಮಡಚುವ ಕಮೋಡ್ ಕುರ್ಚಿ. ಔಷಧಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಗಾಡಿಯ ಹಿಂದೆ ಒಂದು ಹಳೆಯ ಕಂಬಳಿಯನ್ನು ಮೂರು ಕಡೆ ಮರೆಯಾಗಿ ಕಟ್ಟಿದರೆ, ಎರಡು ಮೆಟ್ಟಿಲು ಇಳಿದ ಕೂಡಲೇ ನಮ್ಮದೇ ಬಚ್ಚಲು. ಮಗ ಇದನ್ನು ನೋಡಿ ಮುಖ ಆ ಕಡೆ ತಿರುಗಿಸಿ, “ಅಮ್ಮಾ, ಇದೊಂದಕ್ಕೇನಾ ಆರು ವರ್ಷ ದೊಡ್ಡಮ್ಮನ ಊರಿಗೆ ಹೋಗಲಿಲ್ಲ?” ಎಂದ. ಹೌದು ಎಂದೆ. ಅವನು ಏನೂ ಹೇಳದೆ ಮೆಟ್ಟಿಲಿಗೆ ಹಿಡಿಕೆ ಜೋಡಿಸಿಕೊಟ್ಟ. ಎಲ್ಲ ಸೇರಿ ಖರ್ಚು 12,000 ರೂಪಾಯಿಯ ಒಳಗೇ ಮುಗಿಯಿತು.

ಅಂಗಳದಲ್ಲಿ ಎರಡು ರಾತ್ರಿ ಮಲಗಿ ನೋಡಿದೆವು. ತಲೆ ಕೆಳಗಾಗದ ಹಾಗೆ ಗಾಡಿಯನ್ನು ಸಮ ನಿಲ್ಲಿಸಬೇಕಲ್ಲ, ಅದಕ್ಕೆ ಮೊಮ್ಮಗಳು ಮಂಚದ ಮೇಲೆ ಒಂದು ತಟ್ಟೆಯಲ್ಲಿ ನೀರು ಇಡುತ್ತಿದ್ದಳು. ನೀರು ಯಾವ ಕಡೆ ಸರಿಯಿತೋ ಆ ಕಡೆ ಚಕ್ರದ ಕೆಳಗೆ ಹಲಗೆ. ಮೂರನೇ ದಿನ ಅವಳು ತನ್ನ ಚೀಲವನ್ನೂ ತಂದು ಗಾಡಿಯಲ್ಲಿಟ್ಟಳು.

ಆಗ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ಗಾಡಿಯ ಮುಂದೆ ಇಬ್ಬರಿಗೆ ಮಾತ್ರ ಸೀಟು. “ನಾನು ಹಿಂದೆ ಮಂಚದ ಮೇಲೆ ಮಲಗಿರ್ತೀನಿ, ಯಾರಿಗೂ ಕಾಣಲ್ಲ” ಎಂದಳು. ಅಳತೆ ಅವಳದು, ಲೆಕ್ಕ ಅವಳದು, ಯೋಚನೆಯೂ ಅವಳದೇ. ಬೇಡ ಎನ್ನಲು ನನ್ನ ಬಾಯೇ ಬರಲಿಲ್ಲ. ನಮ್ಮ ಮನೆಯವರು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, “ಹದಿನೈದು ವರ್ಷ ಇದರ ಹಿಂದೆ ಒಂದು ಆಳನ್ನೂ ಕೂರಿಸಿಲ್ಲ ಕಣವ್ವಾ. ಮೊಮ್ಮಗಳನ್ನ ಕೂರಿಸ್ತೀನಾ?” ಎಂದರು. ಅವಳು ಒಂದು ಹೊತ್ತು ಊಟ ಬಿಟ್ಟಳು. ಆಮೇಲೆ ತಾನೇ ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬಂದು, ಅಪ್ಪನ ಜೊತೆ ಸೂಳೆಕೆರೆಗೆ ಒಂದು ದಿನ, ಜಗಳೂರಿಗೆ ಒಂದು ದಿನ ಬರುವುದೆಂದು ಒಪ್ಪಂದ ಮಾಡಿಕೊಂಡಳು.

ನಮ್ಮ ಮನೆಯವರ ಕಣ್ಣು, ಕಾಲು ಗಾಡಿ ಓಡಿಸಲು ಸರಿಯಿವೆ ಎಂದು ವೈದ್ಯರಿಂದ ಖಾತ್ರಿ ಮಾಡಿಕೊಂಡು, ಅಡಿಕೆ ಕೊಯ್ಲು ಮುಗಿದ ಮೇಲೆ, ಚಳಿ ಕಳೆಯುವ ಹೊತ್ತಿಗೆ ಹೊರಟೆವು. ಕತ್ತಲಾದ ಮೇಲೆ ಓಡಿಸುವುದಿಲ್ಲ, ರಸ್ತೆ ಬದಿಯಲ್ಲಿ ಮಲಗುವುದಿಲ್ಲ, ಗುರುತಿನವರ ಕಣದಲ್ಲೋ ಅಂಗಳದಲ್ಲೋ ಕೇಳಿಯೇ ನಿಲ್ಲಿಸುವುದು ಎಂದು ಮೂರು ನಿಯಮ.

ಮೊದಲ ದಿನ ಸೂಳೆಕೆರೆ. ಶಾಂತಿಸಾಗರ ಎಂದೂ ಹೆಸರು. ಗುಡ್ಡಗಳ ನಡುವಿನ ಕಿರಿದಾದ ಕಂಡಿಗೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ನಿಲ್ಲಿಸಿದ ಕೆರೆ ಅದು. ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಏರಿ ಚಿಕ್ಕದು, ನೀರು ಕಣ್ಣು ಹಾಯುವಷ್ಟು ದೂರ. ಮೊಮ್ಮಗಳು ಬಸ್ಸಿಳಿದು ಬಂದು ಮೊದಲು ಹಗ್ಗದ ಗಂಟುಗಳನ್ನು ನೋಡಿದಳು, ಆಮೇಲೆ ಕೆರೆ ನೋಡಿದಳು.

ಎರಡನೇ ದಿನ ಹೊನ್ನಾಳಿ. ಹೊಳೆಗೆ ಹತ್ತಿರದ ನೆಂಟರ ಕಣದಲ್ಲಿ ಗಾಡಿ ನಿಂತಿತು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಒಂದಾಗಿ ಬರುವ ತುಂಗಭದ್ರೆ ಈ ಊರನ್ನು ಸವರಿಕೊಂಡು ಹರಿಯುತ್ತಾಳೆ. ಬೆಳಿಗ್ಗೆ ಎದ್ದಾಗ ಹೊಳೆಯ ಮೇಲೆ ಮಂಜು, ತಾಡಪಾಲಿನ ಮೇಲೆ ಹನಿ. ಒಳಗೆ ಗೋಣಿ ಒಣಗಿಯೇ ಇತ್ತು.

ಅಲ್ಲಿಂದ ನ್ಯಾಮತಿ. ಮೊದಲು ಹೊನ್ನಾಳಿಯ ಭಾಗವಾಗಿದ್ದು ಈಚೆಗೆ ತಾಲ್ಲೂಕಾದ ಊರು. ನನ್ನ ಜೊತೆ ಪಾಠ ಹೇಳುತ್ತಿದ್ದ ಟೀಚರೊಬ್ಬರು ಅಲ್ಲಿನ ಒಂದು ತಾಂಡಾದಲ್ಲಿದ್ದಾರೆ. ನಮ್ಮ ಗಾಡಿ ನೋಡಿ ಅವರು, “ನಮ್ಮೋರ್ ಕೆಲ್ಸ ನೀವು ಶುರು ಮಾಡಿದ್ರಲ್ಲ!” ಎಂದು ಚಪ್ಪಾಳೆ ಹೊಡೆದರು. ನಿಜ. ಎತ್ತುಗಳ ಬೆನ್ನಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಹೆಂಡತಿ ಮಕ್ಕಳ ಸಮೇತ ದೇಶ ಸುತ್ತುತ್ತಿದ್ದವರು ಬಂಜಾರರು. ಅವರಿಗೆ ದಾರಿಯೇ ಊರು. ಅವರು ಪೂಜಿಸುವ ಸಂತ ಸೇವಾಲಾಲರ ಜಯಂತಿ ಫೆಬ್ರುವರಿ 15. 1739ರಲ್ಲಿ ಅವರು ಹುಟ್ಟಿದರೆಂದು ನಂಬುವ ಸೂರಗೊಂಡನಕೊಪ್ಪ ಇದೇ ತಾಲ್ಲೂಕಿನಲ್ಲಿದೆ. ಅಲ್ಲಿಗೆ ಹೋಗಿ ಕೈ ಮುಗಿದು ಬಂದೆವು.

ನಾಲ್ಕನೇ ದಿನ ದಾವಣಗೆರೆ ದಾಟಿ ಜಗಳೂರಿನ ದಾರಿ ಹಿಡಿದೆವು. ತೋಟದ ನೆರಳು ಮುಗಿದು ಬಯಲು ಶುರುವಾಯಿತು. ಮೆಕ್ಕೆಜೋಳ ಕೊಯ್ದ ಹೊಲ, ಕಲ್ಲು ಗುಡ್ಡ, ಜಾಲಿ. ಈ ಸೀಮೆಯ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿಗಳಿವೆ. ನಮ್ಮ ದೇಶದ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರುವುದು ಅದೊಂದಕ್ಕೇ. ಅದಕ್ಕೆಂದೇ ಅಲ್ಲಿ ವನ್ಯಜೀವಿಧಾಮ ಮಾಡಿದ್ದಾರೆ. ನಾನು ಹುಡುಗಿಯಾಗಿದ್ದಾಗ ಇಲ್ಲಿ ನೀರಿಗಾಗಿ ಕೊಡ ಹೊತ್ತು ನಡೆದ ದೂರ ಈಗಲೂ ನನ್ನ ಕಾಲಿಗೆ ನೆನಪಿದೆ. ಈಗ ಹರಿಹರದ ಕಡೆಯಿಂದ ತುಂಗಭದ್ರೆಯ ನೀರನ್ನು ಎತ್ತಿ ಕೊಳವೆಯಲ್ಲಿ ಜಗಳೂರಿನ 57 ಕೆರೆಗಳಿಗೆ ತುಂಬಿಸುವ ಯೋಜನೆ ಇದೆ. ಅಕ್ಕನ ಊರಿನ ಕೆರೆಗೂ ನೀರು ಬಂದಿತ್ತು. ಹೊನ್ನಾಳಿಯಲ್ಲಿ ಮುಖ ತೊಳೆದ ಹೊಳೆ ನಮಗಿಂತ ಮೊದಲೇ ಅಕ್ಕನ ಮನೆ ತಲುಪಿ ಕಾಯುತ್ತಿತ್ತು.

ಅಕ್ಕ ಜಗಲಿಯ ಮೇಲೆ ಕೂತಿದ್ದಳು. “ಬಂದೇನೇ?” ಎಂದಳು, ಅಷ್ಟೇ. ನಾನು ಮೆಟ್ಟಿಲಿನ ಹಿಡಿಕೆ, ಮಂಚ, ಫ್ಯಾನು, ಕೊನೆಗೆ ಮರೆಯ ಹಿಂದಿನ ಕುರ್ಚಿ ಎಲ್ಲ ತೋರಿಸಿದೆ. ಕುರ್ಚಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, “ನೀನೂ ಇದಕ್ಕೇ ಬರ್ತಿರಲಿಲ್ವಾ? ನಾನೂ ಇದಕ್ಕೇ ಕಣೆ, ಮಗ ಎಷ್ಟು ಕರೆದರೂ ಬೆಂಗಳೂರಿಗೆ ಹೋಗಲ್ಲ ಅಂದಿದ್ದು” ಎಂದಳು. ಆರು ವರ್ಷ ದಿನಾ ಫೋನಿನಲ್ಲಿ ಮಾತಾಡಿದ್ದೆವು. ಇಬ್ಬರೂ ಇದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡಿದ್ದೆವು.

ರಾತ್ರಿ ಊಟ ಆದ ಮೇಲೆ ಅಕ್ಕ ದಿಂಬು ಹಿಡಿದುಕೊಂಡು ಗಾಡಿಯ ಹತ್ತಿರ ಬಂದು ನಿಂತಳು. ನಮ್ಮ ಮನೆಯವರು ಅರ್ಥ ಮಾಡಿಕೊಂಡು ತಮ್ಮ ರಗ್ಗು ಎತ್ತಿಕೊಂಡು ಜಗಲಿಗೆ ಹೋದರು. ಮೊಮ್ಮಗಳು ದೊಡ್ಡಜ್ಜಿಯ ಕೈ ಹಿಡಿದು ಹತ್ತಿಸಿದಳು, ತಟ್ಟೆಯಲ್ಲಿ ನೀರಿಟ್ಟು ಸಮ ಇದೆಯೇ ನೋಡಿದಳು, ಸೊಳ್ಳೆಪರದೆ ಸಿಕ್ಕಿಸಿ ದೀಪ ಆರಿಸಿದಳು. ಕತ್ತಲಲ್ಲಿ ಅಕ್ಕ ಕಮಾನಿನ ಬಿದಿರನ್ನು ಕೈಯಿಂದ ಸವರುತ್ತಿದ್ದಳು. ಕೊಡದಗುಡ್ಡದ ವೀರಭದ್ರಸ್ವಾಮಿ ಜಾತ್ರೆಗೆ ಅಪ್ಪನ ಬಂಡಿಯಲ್ಲಿ ಹೋಗುವಾಗ ನಾನು ಅವಳ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದೆನಂತೆ. ಬಂಡಿ ಕುಲುಕಿದರೆ ನನ್ನ ತಲೆ ಬಿದಿರಿಗೆ ತಾಗದ ಹಾಗೆ ಅವಳು ಕೈ ಅಡ್ಡ ಇಡುತ್ತಿದ್ದಳಂತೆ. ನನಗೆ ಅದು ನೆನಪಿಲ್ಲ. ಅವಳಿಗೆ ನೆನಪಿತ್ತು.

ಎರಡು ರಾತ್ರಿ ಇರುವುದೆಂದು ಹೋದವರು ಐದು ರಾತ್ರಿ ಇದ್ದೆವು. ವಾಪಸು ಬರುವಾಗ ಸಂತೇಬೆನ್ನೂರಿನ ಪುಷ್ಕರಿಣಿಯ ಬಳಿ ಗಾಡಿ ನಿಲ್ಲಿಸಿದೆವು. ಹೊಂಡದ ನಡುವೆ ವಸಂತಮಂಟಪ, ದಡದಲ್ಲಿ ಮುಸಾಫಿರ್ ಖಾನೆ. ಮುಸಾಫಿರ್ ಎಂದರೆ ಪ್ರಯಾಣಿಕ. ದಾರಿಹೋಕರಿಗೆ ತಂಗಲು ಒಂದು ಜಾಗ, ನೀರಿಗೆ ಒಂದು ಹೊಂಡ ಇರಬೇಕೆಂದು ಹಿಂದಿನವರು ಕಲ್ಲಿನಲ್ಲಿ ಯೋಚಿಸಿದ್ದರು. ನಮ್ಮದು ಬಿದಿರು ಮತ್ತು ಗೋಣಿಯದು. ನಾವು ಕಲ್ಲಿನ ಮೆಟ್ಟಿಲ ಮೇಲೆ ಕೂತು ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿ ಎಲ್ಲಿಗಾದರೂ ಬರುವುದಿಲ್ಲ ಎಂದರೆ ‘ಯಾಕೆ’ ಎಂದು ಒಮ್ಮೆ ಮೆಲ್ಲಗೆ, ಒಬ್ಬರೇ ಇದ್ದಾಗ ಕೇಳಿ. ಮಂಡಿನೋವು ಎಂದರೆ ಇನ್ನೊಮ್ಮೆ ಕೇಳಿ. ನಿಮಗೆ ಗಾಡಿ ಬೇಕಾಗದೆಯೂ ಇರಬಹುದು, ಒಂದು ಕುರ್ಚಿ ಸಾಕಾಗಬಹುದು, ಗೋಡೆಗೆ ಒಂದು ಹಿಡಿಕೆ, ಹಿತ್ತಿಲ ದಾರಿಗೆ ಒಂದು ದೀಪ ಸಾಕಾಗಬಹುದು. ನಮ್ಮ ಮೊಮ್ಮಗಳು ಈಗ ಪುಸ್ತಕದ ಹೊಸ ಹಾಳೆಯಲ್ಲಿ ಬೆಂಗಳೂರಿನ ದಾರಿಯ ಲೆಕ್ಕ ಬರೆಯುತ್ತಿದ್ದಾಳೆ. ಗಾಡಿಯದಲ್ಲ, ರೈಲಿನದು. ಅಕ್ಕ ಮಗನ ಮನೆಗೆ ಹೋಗುತ್ತೇನೆ ಎಂದಿದ್ದಾಳೆ, ಎಂಟು ಕಿಲೋದ ಕುರ್ಚಿ ಜೊತೆಗೆ ಇದ್ದರೆ.